ಹುಳುವಿನ ಜೀವಕೋಶದಲ್ಲಿ ಮನುಷ್ಯನ ಪ್ರೋಟೀನು

ಪ್ರಶ್ನೆ: ಮೇಡಂ, ನಮ್ಮದು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಬೇಸಾಯ. ಮಗಳು ಬೆಂಗಳೂರಿನ ಲ್ಯಾಬೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ‘ರೀಕಾಂಬಿನೆಂಟ್ ಹ್ಯೂಮನ್ ಎಬಿಎಲ್1 ಕೈನೇಸ್’ ಎಂದು ಬರೆದಿದ್ದ ಪುಟ್ಟ ಟ್ಯೂಬಿನ ಫೋಟೊ ಕಳಿಸಿದ್ದಳು. ಹುಳುವಿನ ಜೀವಕೋಶದಲ್ಲಿ ತಯಾರಿಸುತ್ತಾರಂತೆ. ಮನುಷ್ಯರದ್ದು ಎಂದಮೇಲೆ ಯಾರ ರಕ್ತದಿಂದ ತೆಗೆದದ್ದು? ನನ್ನ ಅಣ್ಣನಿಗೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದೆ, ಇಮ್ಯಾಟಿನಿಬ್ ಮಾತ್ರೆ ತಗೊಳ್ಳುತ್ತಿದ್ದಾನೆ. ಈ ಪ್ರೋಟೀನು ಅದೇ ಕಾಯಿಲೆಗೆ ಸಂಬಂಧಪಟ್ಟದ್ದು ಅಂತಾಳೆ. ಅವನಿಗೆ ಇದನ್ನೇ ಕೊಡಬಹುದಾ?
— ಓದುಗರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ. ಬೇಡ, ಖಂಡಿತ ಕೊಡಬಾರದು. ನಿಮ್ಮ ಅಣ್ಣನ ಮೈಯಲ್ಲಿ ತೊಂದರೆ ಕೊಡುತ್ತಿರುವುದೇ ಈ ಪ್ರೋಟೀನಿನ ಕೆಟ್ಟ ರೂಪ.

ಕೈನೇಸ್ ಎಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟನ್ನು ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುವ ಕಿಣ್ವ. ನಮ್ಮ ದೇಹದಲ್ಲಿ ಇಂಥವು ಐನೂರಕ್ಕೂ ಹೆಚ್ಚಿವೆ. ಫಾಸ್ಫೇಟ್ ಅಂಟಿದ ಪ್ರೋಟೀನು ಜೀವಕೋಶಕ್ಕೆ ಬೆಳೆಯಲು, ಇಬ್ಭಾಗವಾಗಲು ಸೂಚನೆ ಕೊಡಬಹುದು. ಆರೋಗ್ಯವಂತರಲ್ಲಿ ಎಬಿಎಲ್1 ಬೇಕಾದಾಗ ಕೆಲಸ ಮಾಡಿ ಸುಮ್ಮನಾಗುತ್ತದೆ. ಸಿಎಂಎಲ್‌ನಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುತ್ತವೆ; ಇದನ್ನು 1973ರಲ್ಲಿ ತೋರಿಸಿದವರು ಅಮೆರಿಕದ ಜಾನೆಟ್ ರೌಲಿ. ಎಬಿಎಲ್1 ಜೀನು ಬಿಸಿಆರ್ ಎಂಬ ಜೀನಿಗೆ ಬೆಸೆದುಕೊಂಡು, ಸುಮ್ಮನಾಗುವುದನ್ನೇ ಮರೆತ ಕೈನೇಸ್ ಹುಟ್ಟುತ್ತದೆ. ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ.

ಟ್ಯೂಬಿನಲ್ಲಿರುವುದು ಯಾರ ರಕ್ತದ್ದೂ ಅಲ್ಲ. ಮನುಷ್ಯನಿಂದ ಬಂದದ್ದು ಆ ಪ್ರೋಟೀನನ್ನು ಕಟ್ಟುವ ಕ್ರಮ ಮಾತ್ರ, ಅಂದರೆ ಜೀನಿನ ಪ್ರತಿ. ಅದನ್ನು ಬೇರೆ ಜೀವಿಯ ಕೋಶಕ್ಕೆ ಸೇರಿಸಿ ಮಾಡಿಸಿದ ಪ್ರೋಟೀನನ್ನೇ ‘ರೀಕಾಂಬಿನೆಂಟ್’ ಅನ್ನುವುದು.

ಮುಂದಿನದು ರೇಷ್ಮೆ ಬೆಳೆಗಾರರಾದ ನಿಮಗೆ ಬೇಗ ಅರ್ಥವಾಗುತ್ತದೆ. ಹಾಲುತೊಂಡೆ ಬಂದ ಹುಳು ಊದಿಕೊಂಡು, ಚರ್ಮ ಒಡೆದು ಹಾಲಿನಂಥ ದ್ರವ ಸೋರುವುದನ್ನು ಕಂಡಿದ್ದೀರಿ. ಅದು ಬ್ಯಾಕ್ಯುಲೊವೈರಸ್ ಗುಂಪಿನ ವೈರಸ್ಸಿನಿಂದ ಬರುತ್ತದೆ. ಈ ವೈರಸ್ಸುಗಳು ಹುಳುವಿನ ಜೀವಕೋಶಕ್ಕೆ ನುಗ್ಗಿ ಪಾಲಿಹೆಡ್ರಿನ್ ಎಂಬ ಒಂದೇ ಪ್ರೋಟೀನನ್ನು ರಾಶಿ ರಾಶಿ ಮಾಡಿಸುತ್ತವೆ. 1983ರಲ್ಲಿ ಟೆಕ್ಸಾಸ್‌ನ ಮ್ಯಾಕ್ಸ್ ಸಮ್ಮರ್ಸ್ ಮತ್ತು ಗೇಲ್ ಸ್ಮಿತ್ ತಂಡ, ಬೇರೊಂದು ಪತಂಗದ ಬ್ಯಾಕ್ಯುಲೊವೈರಸ್ಸಿನಲ್ಲಿ ಪಾಲಿಹೆಡ್ರಿನ್ ಜಾಗಕ್ಕೆ ಮನುಷ್ಯನ ಇಂಟರ್‌ಫೆರಾನ್ (ವೈರಸ್ಸಿನ ವಿರುದ್ಧ ದೇಹ ಮಾಡುವ ಒಂದು ಪ್ರೋಟೀನು) ಜೀನು ಸೇರಿಸಿತು. ಹುಳುವಿನ ಜೀವಕೋಶ ಇಂಟರ್‌ಫೆರಾನ್ ತಯಾರಿಸಿತು. ನಿಮ್ಮ ಮನೆಯ ಚಂದ್ರಂಕಿಗಳನ್ನು ಬರಿದು ಮಾಡುವ ರೋಗದ ಬಂಧುವೊಂದು ಹೀಗೆ ಕ್ಯಾನ್ಸರ್ ಸಂಶೋಧನೆಗೆ ದುಡಿಯುತ್ತಿದೆ ಎಂಬುದು ನನಗೆ ಇಂದಿಗೂ ಬೆರಗು.

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಎಸ್‌ಎಫ್9 ಜೀವಕೋಶಗಳ ಮೂಲ ಫಾಲ್ ಸೈನಿಕ ಹುಳುವಿನ ಅಂಡಾಶಯ. 2018ರಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಕಾಣಿಸಿಕೊಂಡು ರೈತರನ್ನು ಕಂಗೆಡಿಸಿತಲ್ಲ, ಅದೇ ಹುಳು. ಲ್ಯಾಬಿನಲ್ಲಿ ಹುಳು ಇರುವುದಿಲ್ಲ. ಆ ಜೀವಕೋಶಗಳು ಫ್ಲಾಸ್ಕಿನೊಳಗೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಲೆಮಾರುಗಟ್ಟಲೆ ಬೆಳೆಯುತ್ತಿವೆ. ವೈರಸ್ ಹಾಕಿ ಎರಡು-ಮೂರು ದಿನ ಬಿಟ್ಟು ಅವನ್ನು ಒಡೆದು, ನಿಕಲ್ ಕಾಲಮ್ಮಿನ, ಅಂದರೆ ನಿಕಲ್ ಹಿಡಿದಿರುವ ಕಣಗಳನ್ನು ತುಂಬಿದ ಕೊಳವೆಯ ಮೂಲಕ ಹಾಯಿಸುತ್ತಾರೆ. ಪ್ರೋಟೀನಿನ ತುದಿಗೆ ಮೊದಲೇ ಹಿಸ್ಟಿಡಿನ್ ಎಂಬ ಆರು ಅಮೈನೊ ಆಮ್ಲಗಳನ್ನು (ಪ್ರೋಟೀನಿನ ಸರದ ಮಣಿಗಳು) ಜೋಡಿಸಿದ್ದರೆ ಅದು ನಿಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಉಳಿದದ್ದರಲ್ಲಿ ಬಹುಪಾಲು ಹರಿದುಹೋಗುತ್ತದೆ. ಬ್ಯಾಕ್ಟೀರಿಯಾದಲ್ಲಿ ಮಾಡಿದರೆ ಖರ್ಚು ಕಡಿಮೆ, ನಿಜ. ಆದರೆ ಈ ಕೈನೇಸ್ ಬ್ಯಾಕ್ಟೀರಿಯಾದ ಪ್ರೋಟೀನುಗಳಿಗೂ ಫಾಸ್ಫೇಟ್ ಅಂಟಿಸಿ ಅದನ್ನು ಸೊರಗಿಸುತ್ತದೆ. ಫಾಸ್ಫೇಟ್ ಕಿತ್ತುಹಾಕುವ ಇನ್ನೊಂದು ಕಿಣ್ವವನ್ನು ಜೊತೆಗೇ ಮಾಡಿಸಿದರೆ ಅಲ್ಲೂ ಚೆನ್ನಾಗಿ ಸಿಗುತ್ತದೆ.

ಟ್ಯೂಬಿನಲ್ಲಿ ಸಾಮಾನ್ಯವಾಗಿ ಪೂರ್ತಿ ಪ್ರೋಟೀನು ಇರುವುದಿಲ್ಲ; 1130 ಅಮೈನೊ ಆಮ್ಲಗಳ ಸರದಲ್ಲಿ ಕೆಲಸ ಮಾಡುವ ಭಾಗವಷ್ಟೇ ಇರುತ್ತದೆ. ಅದಕ್ಕೆ ಎಟಿಪಿ, ಮೆಗ್ನೀಸಿಯಂ, ಫಾಸ್ಫೇಟ್ ಹಿಡಿಯಲು ಒಂದು ಪೆಪ್ಟೈಡ್ (ಅಮೈನೊ ಆಮ್ಲಗಳ ಪುಟ್ಟ ಸರ) ಸೇರಿಸಿ, ಹೊಸ ಔಷಧದ ಅಂಶ ಹಾಕಿ, ಎಷ್ಟು ಫಾಸ್ಫೇಟ್ ಅಂಟಿತು ಎಂದು ಅಳೆಯುತ್ತಾರೆ. ಕಡಿಮೆ ಅಂಟಿದ್ದರೆ ಔಷಧ ಕೈನೇಸನ್ನು ತಡೆದಿದೆ ಎಂದರ್ಥ. ಇಮ್ಯಾಟಿನಿಬ್ ಕೂಡ ಕೈನೇಸ್ ಪರೀಕ್ಷೆಗಳ ದಾರಿಯಲ್ಲೇ ಬಂದದ್ದು; 2001ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ನಿಮ್ಮ ಮಗಳಿಗೆ ಒಂದು ಮಾತು ಹೇಳಿ: ಎಟಿಪಿ ಎಷ್ಟು ಹಾಕಿದೆ ಎಂಬುದನ್ನು ಪ್ರತಿ ಸಲ ನೋಟ್‌ಬುಕ್ಕಿನಲ್ಲಿ ಬರೆಯಲಿ. ಇಮ್ಯಾಟಿನಿಬ್‌ನಂಥ ಔಷಧ ಎಟಿಪಿಯ ಜಾಗಕ್ಕೇ ಪೈಪೋಟಿಗಿಳಿಯುತ್ತದೆ. ಎಟಿಪಿ ಕಡಿಮೆ ಹಾಕಿದರೆ ಸಾಧಾರಣ ಔಷಧವೂ ಅದ್ಭುತವಾಗಿ ಕಾಣುತ್ತದೆ. ಪ್ರೋಟೀನ್ ಶುದ್ಧೀಕರಣದಲ್ಲೇ ಕೂದಲು ನರೆತ ನನಗೆ, ಇದನ್ನು ಬರೆಯದೆ ಬಿಟ್ಟ ಫಲಿತಾಂಶದ ಮೇಲೆ ನಂಬಿಕೆ ಬರುವುದಿಲ್ಲ. ಟ್ಯೂಬು ಬಂದ ಕೂಡಲೇ ಐಸಿನ ಮೇಲೆ ಕರಗಿಸಿ, ಸಣ್ಣ ಪಾಲು ಮಾಡಿ, ಮೈನಸ್ 80 ಡಿಗ್ರಿಯಲ್ಲಿ ಇಡಲಿ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಕೈನೇಸ್ ಸತ್ವ ಕಳೆದುಕೊಳ್ಳುತ್ತದೆ.

ಇನ್ನು ಅಣ್ಣನ ವಿಷಯ. ಈ ಪ್ರೋಟೀನಿನ 315ನೇ ಸ್ಥಾನದ ತ್ರಿಯೊನಿನ್ ಎಂಬ ಅಮೈನೊ ಆಮ್ಲ ಬದಲಾಗಿ ಐಸೊಲ್ಯೂಸಿನ್ ಎಂಬ ಇನ್ನೊಂದು ಆದರೆ (ಇಂಥ ಬದಲಾವಣೆಯೇ ಮ್ಯುಟೇಶನ್) ಇಮ್ಯಾಟಿನಿಬ್ ಅಲ್ಲಿ ಕೂರುವುದಿಲ್ಲ. ಆ ಬದಲಾದ ರೂಪವನ್ನೂ ಹೀಗೇ ತಯಾರಿಸಿ ಪರೀಕ್ಷಿಸುತ್ತಾರೆ. ಅದನ್ನೂ ತಡೆಯುವ ಪೊನಾಟಿನಿಬ್‌ಗೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಣ್ಣ ಮಾತ್ರೆಯನ್ನು ದಿನವೂ ತಪ್ಪದೆ ತಗೊಳ್ಳಲಿ. ಆರಾಮ ಅನ್ನಿಸಿತೆಂದು ತಾವಾಗಿ ನಿಲ್ಲಿಸುವುದು ಬೇಡ. ಡಾಕ್ಟರು ಹೇಳಿದ ಹೊತ್ತಿಗೆ ರಕ್ತದಲ್ಲಿ ಆ ಬೆಸೆದ ಜೀನಿನ ಪ್ರಮಾಣ ಅಳೆಯುವ ಬಿಸಿಆರ್-ಎಬಿಎಲ್ ಪಿಸಿಆರ್ ಪರೀಕ್ಷೆ ಮಾಡಿಸಿ, ಹಳೆಯ ರಿಪೋರ್ಟುಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ. ಸಂಖ್ಯೆ ಏರುತ್ತಿದ್ದರೆ, ಮ್ಯುಟೇಶನ್ ಪರೀಕ್ಷೆ ಬೇಕೇ ಎಂದು ನೀವೇ ಡಾಕ್ಟರನ್ನು ಕೇಳಿ.