ಬರಹಗಾರರಿಗೆ ಸಲಹೆ: ಹದಿನಾಲ್ಕು ಬಂದರೆ ಸಾಲದು

ನಮಸ್ಕಾರ.

ನೀವು ಕಳಿಸಿದ ಲೇಖನವನ್ನೂ ಅದರ ಕೊನೆಗೆ ಮಾದರಿಯೆಂದು ಇಟ್ಟ ಭಾಮಿನಿ ಷಟ್ಪದಿಯನ್ನೂ (ಆರು ಸಾಲಿನ ಪದ್ಯ) ಓದಿದೆವು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಗದ್ಯ ಸಲೀಸಾಗಿದೆ, ಆ ಬಗ್ಗೆ ತಕರಾರಿಲ್ಲ. ಕಲ್ಪನೆ ಹುಟ್ಟುವಾಗ ತರ್ಕ ಹೊಸಿಲಾಚೆ ನಿಂತಿರಬೇಕು ಎನ್ನುತ್ತೀರಿ. ನೀವು ಕರೆತಂದ ಸಾಕ್ಷಿಗಳೇ ತಿರುಗಿ ಬೀಳುತ್ತಿದ್ದಾರೆ.

ಎಡ ಮಿದುಳು ಲೆಕ್ಕಕ್ಕೆ, ಬಲ ಮಿದುಳು ಕಾವ್ಯಕ್ಕೆ ಎಂಬ ಮೊದಲ ಎರಡು ಪುಟ ತೆಗೆದುಬಿಡಿ. ನೀವು ಹೆಸರಿಸಿದ ಮಿದುಳು ವಿಜ್ಞಾನಿ ರೋಜರ್ ಸ್ಪೆರಿಯವರಿಗೆ 1981ರಲ್ಲಿ ನೊಬೆಲ್ ಬಂದದ್ದು ನಿಜ. ಅವರು ಪರೀಕ್ಷಿಸಿದ ರೋಗಿಗಳಿಗೆ ಅಪಸ್ಮಾರದ ಹತೋಟಿಗೆಂದು ಮಿದುಳಿನ ಎರಡು ಅರೆಗಳ ನಡುವಿನ ನರತಂತುಗಳ ಸೇತುವೆಯನ್ನೇ ಕತ್ತರಿಸಲಾಗಿತ್ತು. ಸೇತುವೆ ಗಟ್ಟಿಯಾಗಿರುವ ನಮ್ಮ ನಿಮ್ಮಂಥವರು ಅರ್ಧ ಮಿದುಳಿನಲ್ಲಿ ಪದ್ಯ ಬರೆಯುತ್ತೇವೆ ಎನ್ನಲು ಅದರಲ್ಲಿ ಆಧಾರವಿಲ್ಲ.

ಗಣಿತಜ್ಞ ಪ್ವಾಂಕಾರೆಯ ಪ್ರಸಂಗವನ್ನು ಇಟ್ಟುಕೊಳ್ಳಿ, ಪೂರ್ತಿ ಹೇಳಿ. ಕುತಾಂಸ್ ಊರಿನಲ್ಲಿ ಕುದುರೆ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಗಣಿತದ ಒಂದು ಯೋಚನೆ ಹೊಳೆಯಿತು ಎಂಬಲ್ಲಿಗೆ ನೀವು ನಿಲ್ಲಿಸಿದ್ದೀರಿ. 1908ರಲ್ಲಿ ಪ್ರಕಟವಾದ ಅವರದೇ ವಿವರಣೆಯಲ್ಲಿ ಹಿಂದೊಂದು ಮುಂದೊಂದು ತುಂಡಿದೆ. ಅದಕ್ಕೂ ಮೊದಲು ಹದಿನೈದು ದಿನ, ದಿನಕ್ಕೆ ಒಂದೆರಡು ತಾಸು ಮೇಜಿಗೆ ಕೂತು, ಒಂದು ಬಗೆಯ ಗಣಿತ ಫಲನಗಳು ಇರಲಾರವೆಂದು ಸಾಧಿಸಲು ಹೆಣಗಿದ್ದರು. ಹೊಳೆದ ಮೇಲೆ ಕಾನ್ ಊರಿಗೆ ಮರಳಿ, ಸಾವಧಾನವಾಗಿ ತಾಳೆ ನೋಡಿದರು. ಎರಡು ತುದಿ ಕತ್ತರಿಸಿದರೆ ಉಳಿಯುವುದು ಪವಾಡ.

ಇನ್ನು ಷಟ್ಪದಿ. ಅಸಲು ವಿಷಯ ಇರುವುದು ಇಲ್ಲೇ. ನಿಮ್ಮ ಮೊದಲ ಸಾಲು:

ಮಳೆ ಬಂದು ಕೆರೆಯು ತುಂಬಿ ಹರಿದು

ಎಣಿಸಿದರೆ 14 ಮಾತ್ರೆ (ಒಂದು ಹ್ರಸ್ವಾಕ್ಷರ ಹೇಳುವಷ್ಟು ಕಾಲ ಒಂದು ಮಾತ್ರೆ) ಸರಿಯಾಗಿ ಬರುತ್ತದೆ. ಆದರೂ ಓದುವಾಗ ಎಡವುತ್ತದೆ. ಭಾಮಿನಿಯ 1, 2, 4, 5ನೆಯ ಸಾಲುಗಳಿಗೆ ಬೇಕಾದದ್ದು 3+4+3+4 ಮಾತ್ರೆಗಳ ಗುಂಪುಗಳು, ಅಂದರೆ ಗಣಗಳು. ಪ್ರಸ್ತಾರ ಹಾಕಿ, ಅಂದರೆ ಅಕ್ಷರಗಳಿಗೆ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಎಂದು ಗುರುತು ಹಾಕಿ ನೋಡಿ: ‘ಮಳೆ’ ಎರಡು ಮಾತ್ರೆ, ‘ಬಂ’ ಗುರು. ಮೂರನೆಯ ಮಾತ್ರೆಗೆ ಗಣ ಮುಗಿಯಬೇಕು, ಆದರೆ ‘ಬಂ’ ಅರ್ಧ ಒಳಗೆ, ಅರ್ಧ ಹೊರಗೆ ಕಾಲು ಚಾಚಿದೆ. ಪದ ಗಣವನ್ನು ದಾಟಬಹುದು, ಗುರು ದಾಟಬಾರದು. ಮೊತ್ತ ಕೂಡಿಸಿ ತೃಪ್ತರಾಗುವವರೆಲ್ಲ ಬೀಳುವ ಗುಂಡಿ ಇದು. (3 ಮತ್ತು 6ನೆಯ ಸಾಲುಗಳಿಗೆ 3+4 ಮೂರು ಸಲ, ಮೇಲೊಂದು ಗುರು, ಒಟ್ಟು 23. ನಿಮ್ಮ ಮೂರನೆಯ ಸಾಲಿನ ಕೊನೆಯ ಅಕ್ಷರ ಲಘು. ಅಲ್ಲಿ ಅದನ್ನು ಗುರುವೆಂದೇ ಎಣಿಸುವ ರೂಢಿಯಿರುವುದರಿಂದ ಪಾರಾಗಿದ್ದೀರಿ.)

‘ಮಳೆಯು ಸುರಿದಿರೆ ಕೆರೆಯು ತುಂಬಿರೆ’ ಎಂದರೆ ಗಣ ಸರಿಹೋಗುತ್ತದೆ. ಕವಿತೆ ಮಾತ್ರ ಇನ್ನೂ ಸಪ್ಪೆ. ಈಗ ಪ್ರಾಸ ಹುಡುಕಿ. ಪ್ರತಿ ಸಾಲಿನ ಎರಡನೆಯ ಅಕ್ಷರ ಳಕಾರವೇ ಆಗಬೇಕು, ಅದರ ಹಿಂದಿನದು ಲಘುವೇ ಇರಬೇಕು. ಆದ್ದರಿಂದ ‘ಬಾಳು’, ‘ಕಾಳು’ ಬರುವಂತಿಲ್ಲ. ಉಳಿದವನ್ನು ಬರೆದುಕೊಳ್ಳಿ: ಇಳೆ, ಹೊಳೆ, ಬೆಳೆ, ಎಳೆ, ಚಳಿ, ಗಿಳಿ, ಸುಳಿ, ಕಳೆ. ಮೊದಲ ಮೂರು ಎಲ್ಲರ ಕೈಗೂ ಸಿಗುತ್ತವೆ, ನೀವು ಬಳಸಿರುವುದೂ ಅವನ್ನೇ. ಎಂಟನೆಯದರ ಹತ್ತಿರ ನಿಲ್ಲಿ:

ಕಳೆಯು ಬೆಳೆಯನು ಮೀರಿ ಬೆಳೆದಿರೆ

ಮಳೆ ಬಂದರೆ ಸಮೃದ್ಧಿ ಎಂಬ ನಿಮ್ಮ ಪದ್ಯಕ್ಕೆ ಮೊದಲ ಸಲ ಒಂದು ಮುಳ್ಳು ಚುಚ್ಚಿತು. ಈ ಚಿತ್ರವನ್ನು ತಂದುಕೊಟ್ಟದ್ದು ಒಂದು ಯಾಂತ್ರಿಕ ನಿಬಂಧನೆ. ಆದರೆ ಪಟ್ಟಿಯಲ್ಲಿ ಇದನ್ನೇ ಹೆಕ್ಕು ಎಂದು ಯಾವ ನಿಬಂಧನೆಯೂ ಹೇಳುವುದಿಲ್ಲ, ಹೊಲ ನೋಡಿದ ಕಣ್ಣು ಹೇಳಬೇಕು. ನಿಮ್ಮ ಲೇಖನಕ್ಕೆ ಬೇಕಿರುವುದು ಈ ಹೋಗಿಬರುವಿಕೆಯ ವಿವರ.

ಮೊದಲ ಸಾಲು ಬರೆಯುವಾಗ ಬೆರಳು ಮಡಿಸಬಾರದು ಎಂದಿದ್ದೀರಿ, ಒಪ್ಪಿದೆವು. ಆಗಲೇ ಎಣಿಸಹೊರಟರೆ ‘ತಾನು’, ‘ಅಲ್ಲಿ’ಗಳಂಥ ತುಂಬುಪದಗಳು ನುಗ್ಗುತ್ತವೆ. ಆದರೆ ಆರೂ ಸಾಲು ಮುಗಿಯುವ ತನಕ ಕಾದರೆ ಸಾಲುಗಳ ಮೇಲೆ ಮೋಹ ಬೆಳೆದಿರುತ್ತದೆ, ಕತ್ತರಿಸಲು ಕೈ ಬರುವುದಿಲ್ಲ. ಎರಡು ಸಾಲಿಗೊಮ್ಮೆ ನಿಲ್ಲಿಸಿ ಪ್ರಸ್ತಾರ ಹಾಕಿ. ಗಣ ತಪ್ಪಿದ ಕಡೆ ಒಂದು ಪದ ಬದಲಿಸಿ ತೇಪೆ ಹಚ್ಚುವ ಬದಲು ಕನಿಷ್ಠ ಎಂಟು ಪದಗಳ ಪಟ್ಟಿ ಮಾಡಿ, ಆಮೇಲೆ ಆರಿಸಿ. ಪ್ರಾಸ ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುವುದರಿಂದ, ಪಟ್ಟಿ ನಾಲ್ಕೈದು ಪದಕ್ಕೇ ಬತ್ತಿದರೆ ಆ ಸಾಲನ್ನೇ ಬಿಡಿ. ಐದನೆಯ ಸಾಲಿಗೆ ಬಂದು ಪರದಾಡುವುದು ತಪ್ಪುತ್ತದೆ.

ಲೇಖನವನ್ನು ಸುಮಾರು 1,200 ಪದಗಳಿಗೆ ಇಳಿಸಿ ಮತ್ತೆ ಕಳಿಸಿ. ಜೊತೆಗೆ ಷಟ್ಪದಿಯ ಹೊಡೆದುಹಾಕಿದ ಕರಡು ಹಾಳೆಗಳೂ ಇರಲಿ. ಅಚ್ಚುಕಟ್ಟು ಪ್ರತಿಗಿಂತ ಅವನ್ನೇ ಮೊದಲು ಓದುತ್ತೇವೆ.

— ಸಂಪಾದಕ