ಮಾತುಗಾರರು ಸಿಗುತ್ತಾರೆ, ಗಿರಾಕಿಯ ಮಾತು ಕೇಳಿಸಿಕೊಳ್ಳುವವರನ್ನು ಹುಡುಕಿ

ನಿಮ್ಮ ಪುಟ್ಟ ರಿಯಲ್ ಎಸ್ಟೇಟ್ ಕಚೇರಿಗೆ ಕೆಲಸ ಕೇಳಿಕೊಂಡು ಚುರುಕಾದ ಜನ ಬರುತ್ತಿದ್ದಾರೆ, ಆದರೆ ಗಿರಾಕಿಯ ಹಿತ ನೋಡುವವರು ಸಿಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನೂ ಮೊದಮೊದಲು ಮಾತಿನ ಮಲ್ಲರನ್ನೇ ಸೇರಿಸಿಕೊಂಡೆ. ವ್ಯಾಪಾರವೇನೋ ಕುದುರಿತು. ಆಮೇಲೆ ಮನೆ ಕೊಂಡವರ ಫೋನ್ ಶುರುವಾಯಿತು: "ಎರಡು ಕಾರು ನಿಲ್ಲಿಸಬಹುದು ಅಂದಿದ್ರಲ್ಲ?" ಆ ಫೋನ್‌ಗಳಿಗೆ ಉತ್ತರ ಕೊಡಬೇಕಾದವನು ನಾನು.

ಈಗ ಸಂದರ್ಶನದಲ್ಲಿ ನಾನೇ ಗಿರಾಕಿಯಾಗಿ ಕೂರುತ್ತೇನೆ. "ಮೂರನೇ ಮಹಡಿಯಾದರೂ ಸರಿ, ಗಾಳಿ ಬೆಳಕು ಚೆನ್ನಾಗಿರಲಿ. ನಾನು, ನನ್ನ ಹೆಂಡತಿ, ಅಮ್ಮ ಇರೋದು. ಅಮ್ಮನಿಗೆ ಮಂಡಿನೋವು" ಎಂದು ಹೇಳಿ ಸುಮ್ಮನಾಗುತ್ತೇನೆ. ಹೆಚ್ಚಿನವರು ಬಾಲ್ಕನಿಯ ವರ್ಣನೆಗೆ ಇಳಿಯುತ್ತಾರೆ. ಒಬ್ಬ ಹುಡುಗಿ ಮಾತ್ರ, "ಗೇಟಿನಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲಿದೆ ನೋಡ್ಬೇಕು ಸರ್. ಲಿಫ್ಟ್ ಕೆಟ್ಟರೆ ಅಮ್ಮ ಏನ್ಮಾಡ್ತಾರೆ? ಕೆಳಗಿನ ಮನೆ ನೋಡೋಣ್ವಾ?" ಅಂದಳು. ಅದುವರೆಗೂ ಔಷಧಿ ಅಂಗಡಿಯಲ್ಲಿದ್ದವಳು, ಈ ವ್ಯವಹಾರದ ಗಂಧಗಾಳಿ ಇರಲಿಲ್ಲ. ಅವತ್ತೇ ಕೆಲಸ ಕೊಟ್ಟೆ. ಆಸ್ತಿಯ ಕಾಗದಪತ್ರ ಓದುವುದು, ಬ್ಯಾಂಕ್ ಸಾಲದ ಹಂತಗಳು, ಇವನ್ನೆಲ್ಲ ಕಲಿಸಬಹುದು.

ಅನುಭವಸ್ಥರು ಬಂದರೆ ಹಳೇ ಯಜಮಾನರ ಜೊತೆಗೆ, ವ್ಯಾಪಾರ ಮುರಿದುಬಿದ್ದ ಗಿರಾಕಿಯೊಬ್ಬರ ಒಪ್ಪಿಗೆ ಪಡೆದು ಅವರನ್ನೂ ಮಾತಾಡಿಸಿ. ದುಡ್ಡು ಬರಲ್ಲ ಅಂತ ಗೊತ್ತಾದ ಮೇಲೂ ಈ ಅನುಭವಸ್ಥರು ಆ ಗಿರಾಕಿಯ ಫೋನ್ ಎತ್ತುತ್ತಿದ್ದರಾ ಅನ್ನೋದು ಅಲ್ಲಿ ತಿಳಿಯುತ್ತೆ.

ಸಂಬಳದ ವಿಷಯ ಇನ್ನೂ ಮುಖ್ಯ. ಬರೀ ಕಮಿಷನ್ ಮೇಲೆ ಇಟ್ಟುಕೊಂಡರೆ ಒಳ್ಳೆಯವರೂ ಅವಸರಕ್ಕೆ ಬೀಳುತ್ತಾರೆ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್, ಚಾಡ್ ಸೈವರ್ಸನ್ ಅಮೆರಿಕದ ಷಿಕಾಗೋ ಸುತ್ತಲಿನ ಸುಮಾರು 1 ಲಕ್ಷ ಮನೆಗಳ ಮಾರಾಟವನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ್ದರು. ಏಜೆಂಟರು ಸ್ವಂತ ಮನೆ ಮಾರುವಾಗ ಗಿರಾಕಿಗಳ ಮನೆಗಿಂತ ಸರಾಸರಿ 9.5 ದಿನ ಹೆಚ್ಚು ಕಾದು, ಶೇ. 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಿದ್ದರು. ಗಿರಾಕಿಗೆ ಸಿಗುವ ಹೆಚ್ಚುವರಿ ಬೆಲೆಯಲ್ಲಿ ಏಜೆಂಟರ ಕೈಗೆ ಬರುವುದು ಚಿಲ್ಲರೆ, ಹಾಗಿರುವಾಗ ಕಾಯುವುದು ಯಾಕೆ?

ಅದಕ್ಕೇ ನಾನು ಮನೆ ಖರ್ಚು ತೂಗುವಷ್ಟು ನಿಗದಿತ ಸಂಬಳ ಕೊಡುತ್ತೇನೆ, ಮೇಲೆ ಕಮಿಷನ್. ಕಮಿಷನ್ನಿನ ಒಂದು ಪಾಲು ಗಿರಾಕಿ ಕೀಲಿ ಪಡೆದು ಒಂದು ತಿಂಗಳಾದ ಮೇಲೆ. ಆ ತಿಂಗಳಲ್ಲಿ ನಲ್ಲಿ ಸೋರಿದರೂ ನಮ್ಮವರೇ ಹೋಗಿ ನೋಡಿ ಬರುತ್ತಾರೆ.