ಗುಂಯ್ ಅನ್ನುತ್ತದೆ, ನೀರು ಹೋಗುವುದಿಲ್ಲ

ಪ್ರಶ್ನೆ: ನಮ್ಮ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ನಿನಿಂದ ನೀರು ಹೊರಗೆ ಹೋಗುತ್ತಿಲ್ಲ. ಗುಂಯ್ ಸದ್ದು ಮಾತ್ರ. ಪಂಪ್ ಬದಲಿಸಬೇಕಾ?
– ಓದುಗರು, ದಾವಣಗೆರೆ

ಉತ್ತರ: ಅವಸರ ಬೇಡ. ಸದ್ದು ಬರುತ್ತಿದೆ ಅಂದರೆ ಪಂಪಿಗೆ ಕರೆಂಟ್ ಹೋಗುತ್ತಿದೆ. ಒಳಗೆ ಏನೋ ಸಿಕ್ಕಿಕೊಂಡಿರಬಹುದು. ಮೊದಲು ಪ್ಲಗ್ ತೆಗೆಯಿರಿ. ನೀರು ಬಿಸಿಯಿದ್ದರೆ ಆರಲಿ. ಮುಂಭಾಗದ ಕೆಳಮೂಲೆಯಲ್ಲಿ ಪುಟ್ಟ ಮುಚ್ಚಳ ಇದೆ ಅಲ್ವಾ, ಅದರ ಹಿಂದೆ ಫಿಲ್ಟರ್. ಅಗಲವಾದ ತಟ್ಟೆ, ಹಳೇ ಪಂಚೆ ಇಟ್ಟುಕೊಂಡು ಸ್ವಲ್ಪ ಸ್ವಲ್ಪವೇ ತಿರುಗಿಸಿ. ನಾನು ಒಮ್ಮೆಲೇ ಬಿಚ್ಚಿ ಅಡುಗೆಮನೆವರೆಗೂ ಹೊಳೆ ಹರಿಸಿದ್ದೆ! ಸಿಕ್ಕಿದ್ದು ಎರಡು ರೂಪಾಯಿ ನಾಣ್ಯ, ಸೇಫ್ಟಿ ಪಿನ್, ಬೆಣ್ಣೆಯಂತೆ ಜಾರುವ ನೂಲಿನ ಉಂಡೆ. ಫಿಲ್ಟರ್ ಇದ್ದ ತೂತಿಗೆ ಟಾರ್ಚ್ ಬೆಳಕು ಬಿಟ್ಟು ಪಂಪಿನ ರೆಕ್ಕೆಯನ್ನು ಪೆನ್ಸಿಲಿನಿಂದ ತಳ್ಳಿ. ತಡೆತಡೆದು ತಿರುಗಿದರೆ ಗಾಬರಿ ಬೇಡ, ಒಳಗಿನ ಅಯಸ್ಕಾಂತದಿಂದ ಹಾಗಾಗುತ್ತದೆ. ಹಿಂದಿನ ಪೈಪು ಗೋಡೆಗೆ ಒತ್ತಿ ಮಡಚಿದೆಯೇ ನೋಡಿ. ಇಷ್ಟಾದರೂ ನೀರು ಹೋಗದಿದ್ದರೆ ಮೆಕ್ಯಾನಿಕ್‌ನ ಕರೆಯಿರಿ.